ದೊಡ್ಡಮ್ಮನ ಸರ್ಕಾರಿ ಸ್ನಾನ

ನಮ್ಮ ದೊಡ್ಡಮ್ಮನಿಗೆ ಈ ಲೋಕದಲ್ಲಿ ಯಾರ ಸಹಾಯವೂ ಬೇಡ. ಇದು ಅವರು ಹೇಳುವುದು. ನಾನು ಕಂಡಿರುವುದೇ ಬೇರೆ: ಅವರಿಗೆ ಸಹಾಯ ಮಾಡಲು ಹೋದವರಿಗೆ ಸ್ವಲ್ಪ ದಿನದಲ್ಲೇ ಇನ್ನೊಬ್ಬರ ಸಹಾಯ ಬೇಕಾಗುತ್ತದೆ! ಅವರ ಅಕ್ಕಿ ಮೂಟೆಯನ್ನು ಲಿಫ್ಟಿನಿಂದ ಎತ್ತಿಕೊಡಲು ಬಂದ ಪಕ್ಕದ ಫ್ಲ್ಯಾಟಿನ ಯಜಮಾನರು, "ಮೊಣಕಾಲು ಬಗ್ಗಿಸಿ ಎತ್ತಬೇಕು, ಬೆನ್ನಲ್ಲ" ಎಂಬ ದೊಡ್ಡಮ್ಮನ ಪಾಠ ಮುಗಿಯುವಷ್ಟರಲ್ಲಿ ಸೊಂಟ ಹಿಡಿದು ಹಾಸಿಗೆ ಸೇರಿದರು. ಆಮೇಲೆ ಒಂದು ವಾರ ದೊಡ್ಡಮ್ಮನೇ ಅವರ ಮನೆಗೆ ಸಾರು ಕಳಿಸಿದ್ದು. ಪಾಪ, ಪೇಶಾವರದ ಕಡೆಯ ಮನುಷ್ಯ. ಬರೀ ಬೇಳೆ ಸಾರಿಗೆ ಹೆದರಿಯೇ ಬೇಗ ಗುಣವಾದರು ಎಂದು ನನ್ನ ಅನುಮಾನ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ವಯಸ್ಸು ಎಂಬತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳುವ ಗಂಡೆದೆಯವರು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತಿದ್ದವರು, ಯಾವುದೋ ಕಾಲದಲ್ಲಿ ದೊಡ್ಡಪ್ಪನ ಜೊತೆ ಟೊರಾಂಟೋಗೆ ಬಂದರು. ಮಕ್ಕಳಾಗಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಥಾರ್ನ್‌ಕ್ಲಿಫ್ ಪಾರ್ಕಿನ ಒಂದು ಎತ್ತರದ ಕಟ್ಟಡದಲ್ಲಿ ಒಬ್ಬರೇ ರಾಜ್ಯಭಾರ ಮಾಡುತ್ತಿದ್ದಾರೆ. ನಾನಿರುವುದು ಊರಾಚೆ, ಎರಿನ್ ಮಿಲ್ಸ್‌ನಲ್ಲಿ. ನಮ್ಮಲ್ಲೇ ಇರಲಿ ಎಂದು ಒಮ್ಮೆ ಕರೆತಂದಿದ್ದೆ. ಎರಡೇ ದಿನದಲ್ಲಿ ಗಂಟುಮೂಟೆ ಕಟ್ಟಿದರು.

"ನಿಮ್ಮನೇಲಿ ಕಿಟಕಿ ತೆಗೆದ್ರೆ ಬರೀ ಗ್ಯಾರೇಜು ಕಾಣ್ಸುತ್ತೆ ಕಣೇ. ಬಾಗ್ಲು ಏಳುತ್ತೆ, ಕಾರು ಒಳಗೆ ಹೋಗುತ್ತೆ, ಬಾಗ್ಲು ಇಳಿಯುತ್ತೆ. ಒಳಗೆ ಮನುಷ್ಯರು ಇದಾರೋ ಇಲ್ವೋ ದೇವರಿಗೇ ಗೊತ್ತು!"

ಇಷ್ಟು ದೊಡ್ಡ ಮಾರ್ಟ್‌ಗೇಜು ಕಟ್ಟುವವಳಿಗೆ ಇಂಥ ಮಾತು ಹೇಳಬಹುದೇ? ಹೇಳಿದರು.

ಹೋದ ಚಳಿಗಾಲದಲ್ಲಿ ಅವರು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯವರು ಆಪರೇಷನ್ ಮಾಡಿ ಸ್ಟೀಲಿನ ಸರಳು ಹಾಕಿದರು. "ಇನ್ನು ಬೀಳೋ ಮಾತೇ ಇಲ್ಲ, ಒಳಗೆ ಸ್ಟೀಲಿದೆ" ಎಂದು ದೊಡ್ಡಮ್ಮ ನರ್ಸುಗಳಿಗೆಲ್ಲ ಘೋಷಿಸಿದರು. ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಬೇರೆ. ಇನ್ನೊಂದು ಸಲ ಬಿದ್ದರೆ ಇವರು ಒಂಟಿಯಾಗಿ ಆ ಮನೆಗೆ ಮರಳುವುದು ಅನುಮಾನ, ವೃದ್ಧರ ಆರೈಕೆ ಗೃಹವೇ ಗತಿಯಾಗಬಹುದು ಎಂದರು. ಅದನ್ನು ನಾನು ದೊಡ್ಡಮ್ಮನಿಗೆ ಹೇಳಿದೆ. ಅವರು ಮೊದಲ ಬಾರಿಗೆ ಸುಮ್ಮನಾದರು. ಸುಮಾರು ಅರ್ಧ ನಿಮಿಷ.

ಬೀಳದಂತೆ ನೋಡಿಕೊಳ್ಳಲು ಇಲ್ಲಿ ಒಂದು ವ್ಯವಸ್ಥೆಯಿದೆ. ವಯಸ್ಸಾದವರ ಮನೆಗೇ ಜನ ಬಂದು ಸ್ನಾನ ಮಾಡಿಸಿ, ಬಟ್ಟೆ ಹಾಕಿಸಿ ಹೋಗುತ್ತಾರೆ. ಖರ್ಚು ಸರ್ಕಾರದ್ದು. ಕೇಳಲು ಬಹಳ ಚೆನ್ನಾಗಿದೆ, ಅಲ್ಲವೇ? ಅರ್ಥ ಮಾಡಿಕೊಳ್ಳಲು ಹೊರಟರೆ ಗೊತ್ತಾಗುತ್ತದೆ. ಹಣ ಕೊಡುವುದು ಸರ್ಕಾರ. ಎಷ್ಟು ಗಂಟೆ ಸಹಾಯ ಬೇಕೆಂದು ಅಳೆಯುವುದು ಒಂದು ಕಚೇರಿ. ಜನರನ್ನು ಕಳಿಸುವುದು ಇನ್ನೊಂದು ಕಂಪನಿ. ಜನ ಬರದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ, ಅಷ್ಟರಲ್ಲಿ ದಯವಿಟ್ಟು ಕಾಯಿರಿ ಎಂದು ಫೋನಿನಲ್ಲಿ ಪಿಯಾನೋ ಶುರುವಾಗುತ್ತದೆ. ಆ ಪಿಯಾನೋ ಈಗ ನನಗೆ ಬಾಯಿಪಾಠ. ಬೇಕಾದರೆ ಮುಂದಿನ ರಾಜ್ಯೋತ್ಸವದಲ್ಲಿ ನುಡಿಸಿ ತೋರಿಸುತ್ತೇನೆ!

ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಸರ್ಕಾರ ಯಾಕೆ ನಂಗೆ ಸ್ನಾನ ಮಾಡ್ಸುತ್ತೆ? ನಾನೇನು ಸರ್ಕಲ್ಲಲ್ಲಿ ನಿಂತಿರೋ ಪ್ರತಿಮೆನಾ?"

"ನೀವು ಟ್ಯಾಕ್ಸ್ ಕಟ್ಟಿದೀರಲ್ಲ ದೊಡ್ಡಮ್ಮ, ಅದಕ್ಕೆ."

"ರಸ್ತೆ ಮಾಡ್ಲಿ ಅಂತ ಕಟ್ಟಿದ್ದು. ಬೆನ್ನುಜ್ಜಲಿ ಅಂತ ಅಲ್ಲ."

ಅಳೆಯುವ ಕಚೇರಿಯಿಂದ ಕೇರ್ ಕೋಆರ್ಡಿನೇಟರ್ ಬರುವುದೆಂದು ಗೊತ್ತಾದಾಗ ನಮ್ಮ ಕನ್ನಡ ಬಳಗದಲ್ಲಿ ಸಲಹೆಗಳ ಸುರಿಮಳೆಯಾಯಿತು. ಒಬ್ಬರು, "ಅಯ್ಯೋ, ನೀವಿದ್ದೂ ಸರ್ಕಾರದವರನ್ನ ಕರೀಬೇಕಾ?" ಎಂದು ಕೊಂಕು ತೆಗೆದರು. ಅವರ ಸ್ವಂತ ಮಾವನವರು ಹಗಲೆಲ್ಲ ಬೇಸ್‌ಮೆಂಟಿನಲ್ಲಿ ಟಿವಿ ಜೊತೆ ಮಾತಾಡಿಕೊಂಡು ಕೂತಿರುತ್ತಾರೆ, ಆ ಮಾತು ಬೇರೆ. ಇನ್ನೊಬ್ಬರು ಕಿವಿಯಲ್ಲಿ ಹೇಳಿದರು: "ಕೈಕಾಲು ಆಡಲ್ಲ, ಹೆಸರೇ ನೆನಪಿಲ್ಲ ಅಂತ ಆ್ಯಕ್ಟ್ ಮಾಡ್ಸಿಬಿಡಿ. ಫುಲ್ ಅವರ್ಸ್ ಸಿಗುತ್ತೆ!" ನಮ್ಮವರಿಗೆ ಇರುವುದೇ ಎರಡು ದಾರಿ ನೋಡಿ. ಒಂದು ಸಹಾಯ ಕೇಳುವುದೇ ಅವಮಾನ, ಇಲ್ಲವೇ ನಾಟಕ. ಇದ್ದದ್ದನ್ನು ಇದ್ದಹಾಗೆ ಹೇಳಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ನಾನು ದೊಡ್ಡಮ್ಮನಿಗೆ ಹೇಳಿದ್ದು ಇಷ್ಟೇ: "ಏನು ಕಷ್ಟವೋ ಅದನ್ನ ಹೇಳಿ."

ಆ ದಿನ ಹೋಗಿ ನೋಡುತ್ತೇನೆ, ಮನೆ ಫಳಫಳ ಹೊಳೆಯುತ್ತಿದೆ! ದೊಡ್ಡಮ್ಮ ಮೈಸೂರು ಸಿಲ್ಕ್ ಉಟ್ಟು, ತುರುಬಿಗೆ ಹೂ ಮುಡಿದು ಕುಳಿತಿದ್ದಾರೆ. ಮೇಜಿನ ಮೇಲೆ ಕೇಸರಿಬಾತು. ಆಸ್ಪತ್ರೆಯವರು ಹಿಡಿದು ನಡೆಯಲು ಕೊಟ್ಟಿದ್ದ ವಾಕರ್ ಎಲ್ಲೂ ಕಾಣದು. ಬಾಲ್ಕನಿಯಲ್ಲಿ ಬೆಡ್‌ಶೀಟು ಹೊದ್ದು ಏನೋ ನಿಂತಿತ್ತು. ಬಂದ ಕೋಆರ್ಡಿನೇಟರ್ ವಯಸ್ಸಿನಲ್ಲಿ ಚಿಕ್ಕವಳು. ಸೋಫಾದ ತುದಿಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದಳು. ನನಗೋ ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ಹಾಗೇ ಅನ್ನಿಸಿತು.

"ಅಡುಗೆ ಮಾಡಿಕೊಳ್ಳಲು ಆಗುತ್ತದೆಯೇ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ದೊಡ್ಡಮ್ಮ ಕೇಸರಿಬಾತಿನ ತಟ್ಟೆಯನ್ನು ಅವಳ ಕಡೆ ತಳ್ಳಿದರು.

ಮೂರು ಪದ ಹೇಳಿ, ನೆನಪಿಟ್ಟುಕೊಳ್ಳಿ ಎಂದಳು. ದೊಡ್ಡಮ್ಮ ಅವನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಒಪ್ಪಿಸಿ, ಇನ್ನೂ ಸ್ವಲ್ಪ ಕಷ್ಟದ್ದು ಇದ್ದರೆ ಕೊಡು ಎಂದರು. ಕುರ್ಚಿಯಿಂದ ಕೈ ಊರದೆ ಏಳಿ ಎಂದಳು. ಎದ್ದರು! ಹಲ್ಲು ಕಚ್ಚಿದ್ದು ನನಗೆ ಕಂಡಿತು. ಅವಳಿಗೆ ಕಂಡದ್ದು ನಗು.

"ಸ್ನಾನ ಮಾಡಲು ಏನಾದರೂ ತೊಂದರೆ?"

"ನಮ್ಮ ಮನೆತನದಲ್ಲಿ ಸ್ನಾನಕ್ಕೆ ಯಾರಿಗೂ ಯಾವತ್ತೂ ತೊಂದರೆ ಆಗಿಲ್ಲ" ಎಂದರು ದೊಡ್ಡಮ್ಮ, ರಾಷ್ಟ್ರಪತಿಗಳ ಭಾಷಣದ ಇಂಗ್ಲಿಷಿನಲ್ಲಿ.

ಅವಳು ಬಾತ್‌ರೂಮು ನೋಡಿ, ಆಪರೇಷನ್ನಿನ ವಿವರ ಓದಿ, ಕೊನೆಗೆ ವಾರಕ್ಕೆರಡು ದಿನ ಸ್ನಾನಕ್ಕೆ ಸಹಾಯ ಬರೆದುಕೊಂಡು ಹೋದಳು. ನಾನು ನಿರೀಕ್ಷಿಸಿದ್ದು ದಿನವೂ. ಬಾಗಿಲು ಹಾಕಿದ ತಕ್ಷಣ ನನ್ನ ಪಿತ್ತ ನೆತ್ತಿಗೇರಿತು.

"ದೊಡ್ಡಮ್ಮ, ಇದು ಫೇಲಾಗಬೇಕಾದ ಪರೀಕ್ಷೆ! ನೀವು ಪಾಸಾಗಿ ಕೂತಿದೀರಲ್ಲ!"

"ನಮ್ಮ ವಂಶದಲ್ಲಿ ಯಾರೂ ಫೇಲಾಗಿಲ್ಲ."

"ನಿಮ್ಮ ತಮ್ಮ ಪಿಯುಸಿನಲ್ಲಿ?"

"ಅವ್ನು ಬಿಡು, ಅವ್ನಿಗೆ ಟೈಫಾಯ್ಡ್ ಆಗಿತ್ತು" ಎಂದು ನನ್ನ ಸೋದರಮಾವನಿಗೆ ಮತ್ತೊಮ್ಮೆ ಟೈಫಾಯ್ಡ್ ಬರಿಸಿ, ಕಾಲು ನೀಡಿ ಕುಳಿತರು. ಆ ದಿನವೆಲ್ಲ ಅವರು ಮೇಲೇಳಲಿಲ್ಲ.

ಸ್ನಾನ ಮಾಡಿಸಲು ಬಂದವಳು ಮನ್‌ಪ್ರೀತ್. ಬ್ರಾಂಪ್ಟನ್ನಿನಿಂದ ಬಸ್ಸು ಬದಲಾಯಿಸುತ್ತ ಬರುವ, ಐವತ್ತು ದಾಟಿದ ಪಂಜಾಬಿ ಹೆಂಗಸು. ಅವಳಿಗೂ ಮೊಣಕಾಲು ನೋವು. ಅವಳು ಬಂದು ಕೈತೊಳೆದು, ಗ್ಲೌಸು ತೊಟ್ಟು, "ಚಲೇಂ ಮಾತಾಜಿ, ನಹಾನೇ?" ಎಂದರೆ, ದೊಡ್ಡಮ್ಮ ಆಗಲೇ ಸ್ನಾನ ಮುಗಿಸಿ, ಕುಂಕುಮ ಇಟ್ಟು, ದೀಪ ಹಚ್ಚಿ ಕುಳಿತಿರುತ್ತಿದ್ದರು!

"ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಸ್ನಾನ ಮಾಡ್ದೆ ಕೂತಿರೋದಾ? ಏನಂದ್ಕೊಳ್ಳಲ್ಲ ಅವಳು?"

"ಅವಳು ಬರೋದೇ ಸ್ನಾನ ಮಾಡ್ಸಕ್ಕೆ!"

"ಬರ್ಲಿ. ಬಂದೋರಿಗೆ ಮೈಲಿಗೆ ಮುಖ ತೋರ್ಸಕ್ಕಾಗುತ್ತಾ?"

ವೈದ್ಯರು ನೋಡುವ ಮುಂಚೆ ಕಾಯಿಲೆ ವಾಸಿ ಮಾಡಿಕೊಂಡು ಹೋಗುವ ಜನ ನಾವು. ಕೆಲಸದವಳು ಬರುವ ಮುಂಚೆ ಮನೆ ಗುಡಿಸಿಡುವ ಜನ. ಆದರೂ ಇದು ಅತಿಯಾಯಿತು. ಸ್ನಾನದ ವೇಳೆ ಬೀಳದಂತೆ ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದ್ದೆ. ಸೀಟಿನ ತುಂಬ ತೂತುಗಳಿದ್ದವು. ಮುಂದಿನ ವಾರ ನೋಡುತ್ತೇನೆ, ಕಿಟಕಿಯ ಬಳಿ ಅದರ ಮೇಲೆ ತುಳಸಿ ಕುಂಡ ವಿರಾಜಮಾನವಾಗಿದೆ! "ಎಷ್ಟು ಚೆನ್ನಾಗಿದೆ ನೋಡೇ, ಒಂದು ತೊಟ್ಟು ನೀರು ನಿಲ್ಲಲ್ಲ."

ಸ್ನಾನ ಆಗಿಹೋಗಿದ್ದರಿಂದ ಮನ್‌ಪ್ರೀತ್‌ಗೆ ಕೆಲಸವಿಲ್ಲ. ನೆಲ ಒರೆಸಲು ಹೋದರೆ ದೊಡ್ಡಮ್ಮ ಅವಳ ಹಿಂದೆಯೇ ಇನ್ನೊಮ್ಮೆ ಒರೆಸುತ್ತಿದ್ದರು. ಕೊನೆಗೆ, "ತುಮ್ ಬೈಠೋ, ಹಮ್ ಕರ್ತಾ ಹೈ" ಎಂದು ಥಾರ್ನ್‌ಕ್ಲಿಫ್‌ನಲ್ಲಿ ಕಲಿತ ಹಿಂದಿಯಲ್ಲಿ ಅವಳನ್ನು ಸೋಫಾಗೆ ಒತ್ತಿ, ಚಿತ್ರಾನ್ನ ಕೊಟ್ಟು, ಮೊಣಕಾಲಿಗೆ ನೋವಿನೆಣ್ಣೆ ತಿಕ್ಕುತ್ತಿದ್ದರು. ಯೋಚಿಸಿ! ಸರ್ಕಾರದ ಖರ್ಚಿನಲ್ಲಿ ಹೋಮ್ ಕೇರ್ ಸಿಗುತ್ತಿತ್ತು, ನಿಜ. ಸಿಗುತ್ತಿದ್ದದ್ದು ಮನ್‌ಪ್ರೀತ್‌ಗೆ!

ಆದರೆ ಅವಳು ಪ್ರಾಮಾಣಿಕಳು. ಪ್ರತಿ ಸಲವೂ ಫೋನಿನಲ್ಲಿ "ಸ್ನಾನ ನಿರಾಕರಿಸಿದರು" ಎಂದು ಒತ್ತಿ ಹೋಗುತ್ತಿದ್ದಳು. ಒಂದು ದಿನ ಕಚೇರಿಯಿಂದ ನನಗೆ ಕರೆ ಬಂತು. ನಿಮ್ಮ ದೊಡ್ಡಮ್ಮನಿಗೆ ಸಹಾಯದ ಅಗತ್ಯವಿಲ್ಲವೆಂದು ಕಾಣುತ್ತದೆ, ಹೀಗೇ ಆದರೆ ನಿಲ್ಲಿಸಬೇಕಾಗುತ್ತದೆ, ಕಾಯುತ್ತಿರುವವರು ಬಹಳ ಜನರಿದ್ದಾರೆ ಎಂದರು. ಅವರದ್ದೇನೂ ತಪ್ಪಿರಲಿಲ್ಲ. ಅದೇ ನನಗೆ ಇನ್ನೂ ಕೋಪ ತರಿಸಿತು. ಮರುದಿನ ಮನ್‌ಪ್ರೀತ್ ಬರುವ ದಿನ. ಅವಳಿಗಿಂತ ಮುಂಚೆ ಹೋಗಿ, ಸ್ನಾನ ಮಾಡಲು ಬಿಡದೆ ಕಾವಲು ಕೂರುವುದೆಂದು ನಿರ್ಧರಿಸಿದೆ. ಆಫೀಸಿಗೆ ರಜೆ ಹಾಕಿ, ಹೈವೇ ಟ್ರಾಫಿಕ್ಕಿನಲ್ಲಿ ಬೈಗುಳಗಳನ್ನು ತಾಲೀಮು ಮಾಡುತ್ತ ಹೋದೆ.

ನನ್ನ ಹತ್ತಿರ ಕೀ ಇತ್ತು. ಒಳಗೆ ಹೋದರೆ ದೊಡ್ಡಮ್ಮ ಕಾಣಲಿಲ್ಲ. ಬಾತ್‌ರೂಮಿನ ಬಾಗಿಲು ಹಾಕಿತ್ತು. ಆಗಲೇ ಸೋತೆನೆಂದುಕೊಂಡೆ.

"ದೊಡ್ಡಮ್ಮಾ!"

"ಬಂದ್ಯಾ? ಡಿಕಾಕ್ಷನ್ ಇದೆ, ಹಾಲು ಬಿಸಿ ಮಾಡ್ಕೋ."

"ಬಾಗ್ಲು ತೆಗೀರಿ."

"ತೆಗೀತೀನಿ. ಏನವಸರ?"

ನೀರಿನ ಸದ್ದಿರಲಿಲ್ಲ. ಚೊಂಬಿನ ಸದ್ದೂ ಇರಲಿಲ್ಲ.

"ಟಬ್ಬಲ್ಲಿ ಕೂತಿದೀರಾ? ಏಳಕ್ಕಾಗ್ತಿಲ್ವಾ?"

"ಆಗುತ್ತೆ." ಟಬ್ಬಿನ ಅಂಚಿಗೆ ಊರಿದ ಕೈ ಜಾರಿದ ಸದ್ದಾಯಿತು. "ಇವತ್ತು ಸ್ವಲ್ಪ ಲೇಟಾಗ್ತಿದೆ, ಅಷ್ಟೆ."

ಒಳಗಿನಿಂದ ಹಿಡಿಕೆಯ ಲಾಕು ಒತ್ತಿತ್ತು. ನಾನು ಹಿಡಿಕೆ ತಿರುಗಿಸಿದೆ, ಭುಜ ಕೊಟ್ಟು ತಳ್ಳಿದೆ, ಏನೂ ಆಗಲಿಲ್ಲ. ಎಷ್ಟು ಹೊತ್ತಿನಿಂದ ಆ ತಣ್ಣನೆಯ ಟಬ್ಬಿನಲ್ಲಿ ಕುಳಿತಿದ್ದರೋ! ತಾಲೀಮು ಮಾಡಿದ ಬೈಗುಳಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. ಅಳು ಬಂತು. ಅಂಬುಲೆನ್ಸಿಗೆ ಫೋನ್ ಮಾಡಲೇ ಎಂದೆ. ಒಳಗಿನಿಂದ ಧ್ವನಿ ಚಿಕ್ಕದಾಗಿ ಬಂತು: "ಬೇಡ ಕಣೇ. ಅವರು ಬಂದ್ರೆ ಮತ್ತೆ ಈ ಮನೆಗೆ ಬಿಡಲ್ಲ."

ಅಷ್ಟರಲ್ಲಿ ಮನ್‌ಪ್ರೀತ್ ಬಂದಳು. ತಲೆಯಿಂದ ಹೇರ್‌ಪಿನ್ ತೆಗೆದು ಹಿಡಿಕೆಯ ತೂತಿಗೆ ಚುಚ್ಚಿದಳು. ಲಾಕು ಬಿಟ್ಟಿತು. ನಾನು ನುಗ್ಗಲು ಹೋದೆ.

"ನೀನು ಬರ್ಬೇಡ!" ಎಂದು ದೊಡ್ಡಮ್ಮ ಚೀರಿದರು. "ಅವಳು ಬರ್ಲಿ."

ನಾನು ಹೊರಗೇ ಉಳಿದೆ. ಬಾಗಿಲು ಅರೆ ಮುಚ್ಚಿತು. ಒಳಗೆ ಬಿಸಿನೀರಿನ ನಲ್ಲಿ ತಿರುಗಿಸಿದ ಸದ್ದಾಯಿತು.

"ಹೋ ಗಯಾ ನಹಾನಾ" ಎಂದರು ದೊಡ್ಡಮ್ಮ, ಸ್ನಾನ ಆಗಿದೆಯೆಂದು ಇನ್ನೂ ವಾದಿಸುತ್ತ.

"ಆಪ್‌ಕಾ ಹೋ ಗಯಾ, ಮಾತಾಜಿ. ಅಬ್ ಮೇರಾ ಕಾಮ್." ನಿಮ್ಮದು ಆಯಿತು, ಇನ್ನು ನನ್ನ ಕೆಲಸ ಎಂದಳು ಮನ್‌ಪ್ರೀತ್.

ಆಮೇಲೆ ಬಹಳ ಹೊತ್ತು ನೀರು ಸುರಿಯುವ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಮನ್‌ಪ್ರೀತ್ ಅವರನ್ನು ಎಬ್ಬಿಸಿ, ಒರೆಸಿ, ಬೆಚ್ಚಗಿನ ಬಟ್ಟೆ ಹಾಕಿಸಿ, ಎಲ್ಲೂ ಪೆಟ್ಟಾಗಿಲ್ಲವೆಂದು ಕೈಕಾಲು ಮುಟ್ಟಿ ನೋಡಿ, ಮುಂದಿನ ಮನೆಗೆ ಹೊರಟಳು. ಹೋಗುವಾಗ ಫೋನಿನಲ್ಲಿ ಮೊದಲ ಬಾರಿಗೆ "ಸ್ನಾನ ಆಯಿತು" ಎಂದು ಒತ್ತಿದಳು. ನಾನು ಕಾಫಿ ಕೊಟ್ಟೆ. ದೊಡ್ಡಮ್ಮ ಎರಡು ಕೈಯಲ್ಲೂ ಲೋಟ ಹಿಡಿದು ಕುಳಿತಿದ್ದರು. ಏನಾದರೂ ಪಾಠ ಶುರುವಾಗಲಿ ಎಂದು ಕಾದೆ. ಆಗಲಿಲ್ಲ.

"ಬೆನ್ನಿಗೆ ಸೋಪು ಹಚ್ಚಿದ್ಳು ಕಣೇ" ಎಂದರು.

"ಹೂಂ."

"ನಿಮ್ಮ ದೊಡ್ಡಪ್ಪ ಹೋದ್ಮೇಲೆ ನನ್ನ ಬೆನ್ನು ಯಾರೂ ಮುಟ್ಟಿರಲಿಲ್ಲ. ಹಬ್ಬಕ್ಕೆ ನೀವೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡ್ತೀರ. ಡಾಕ್ಟರು ಸೊಂಟ ಮುಟ್ತಾರೆ. ಬೆನ್ನು ಅಂತೊಂದು ಇದೆ ಅನ್ನೋದೇ ಮರ್ತ್‌ಹೋಗಿತ್ತು."

ನಾನು ಎದ್ದು ಟವೆಲು ತಂದೆ. ಅವರ ಹಿಂದೆ ಹೋಗಿ ಕುಳಿತು, ಒದ್ದೆ ಕೂದಲನ್ನು ಟವೆಲಿನಲ್ಲಿ ಒರೆಸತೊಡಗಿದೆ. ಎಷ್ಟು ತೆಳುವಾಗಿತ್ತು ಕೂದಲು! ಅವರು ಬೇಡ ಎನ್ನಲಿಲ್ಲ. ಅಷ್ಟೇ ಅಲ್ಲ, ತಲೆಯನ್ನು ಸ್ವಲ್ಪ ಹಿಂದಕ್ಕೆ ಕೊಟ್ಟರು.

"ಅವಳು ಮತ್ತೆ ಯಾವತ್ತು ಬರ್ತಾಳೆ?" ಎಂದು ಕೇಳಿದರು.

"ಶುಕ್ರವಾರ."

"ಸರಿ" ಎಂದರು ದೊಡ್ಡಮ್ಮ. "ಸ್ನಾನ ಮಾಡ್ದೆ ಕಾಯ್ತಿರ್ತೀನಿ."