ಹಲಸಿನ ಮಂಚದ ಸಂದಿಗಳಲ್ಲಿ ವಾಸವಾಗಿರುವ ತಿಗಣೆಗಳಿಗೆ

ಸೋಂದಾ ಸಮೀಪ,
ಮಾಘ ಬಹುಳ ಪಂಚಮಿ, ೧೯೯೯

ನನ್ನ ಮಂಚದ ನಾಲ್ಕು ಕಾಲುಗಳಲ್ಲೂ ಎಣಿಸಲಾರದಷ್ಟು ಸಂದಿಗಳಲ್ಲೂ ಸಪರಿವಾರ ಬಿಜಯಂಗೈದಿರುವ ತಿಗಣೆ ಮಹಾಶಯ ಮಹಾಶಯೆಯರಾದ ಮಾನ್ಯರೇ,

ಮಧುಕೇಶ್ವರ ಹೆಗಡೆ ಮಾಡುವ ಅನೇಕ ನಮಸ್ಕಾರಗಳು. ತಮ್ಮ ಕುಶಲವನ್ನು ಬೇರೆ ಕೇಳಬೇಕಾಗಿಲ್ಲ, ಅದು ನನ್ನ ಬೆನ್ನಿನ ಮೇಲೆ ಬರೆದೇ ಇದೆ. 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡೋಣವೆಂದರೆ ಮುಂದಿನದು ತಾನಾಗಿ 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್' ಎಂದೇ ಬರುತ್ತದೆ. ಶಿರಸಿಯ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ರಜೆ ಕೇಳಬಹುದೇ ಹೊರತು ಯಾರನ್ನೂ ಮನೆ ಬಿಡಿಸಲು ಆಗುವುದಿಲ್ಲವಾದ್ದರಿಂದ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಜುವಾಲಜಿಯಲ್ಲಿ ಹೋಸ್ಟ್, ಪ್ಯಾರಸೈಟ್ ಎಂಬ ಎರಡು ಶಬ್ದ ಓದಿದ್ದೆ. ಅವರಿಬ್ಬರಲ್ಲಿ ಮನೆಯ ಯಜಮಾನ ಯಾರೆಂಬುದು ಮರೆತಿತ್ತು. ತಮ್ಮ ಓಡಾಟ ನೋಡಿದ ಮೇಲೆ ಸಂಶಯ ಮತ್ತೂ ಹೆಚ್ಚಿದೆ.

ತಾವು ಬಂದದ್ದು ಹೇಗೆಂದು ನಾಲ್ಕು ಜನಕ್ಕೂ ತಿಳಿದಿರಲಿ. ನಮ್ಮ ಕಡೆ ಒಬ್ಬರ ಮನೆಯಲ್ಲಿ ಮದುವೆ ಮುಂಜಿ ಎಂದರೆ ನೆಂಟರ ಮನೆಯ ಹಾಸಿಗೆ, ಕಂಬಳಿಗಳೆಲ್ಲ ಅಲ್ಲಿಗೆ ಹೋಗಿ, ಯಾರ್ಯಾರನ್ನೋ ಮಲಗಿಸಿಕೊಂಡು, ಮೂರನೇ ದಿನ ಮರಳುವುದು ರೂಢಿ. ಉಮ್ಮಚಗಿಯಲ್ಲಿರುವ ನನ್ನ ಷಡ್ಡಕ ಅನಂತಮೂರ್ತಿ, ಎರಡು ವರ್ಷದ ಕೆಳಗೆ ಮಗನ ಮುಂಜಿಗೆಂದು ಒಯ್ದ ನಮ್ಮ ಎರಡು ಹತ್ತಿ ಹಾಸಿಗೆಗಳನ್ನು ಜೀಪಿನಿಂದ ಇಳಿಸುತ್ತ ಹೇಳಿದ ಮಾತು ನನಗಿನ್ನೂ ಬಾಯಿಗೆ ಬರುತ್ತದೆ: "ಆನೇ ಕೈಯಾರೆ ಚೊಲೋ ಕೊಡವಿದ್ದಿ ಮಾರಾಯಾ, ಒಂದು ಕಸನೂ ಇಲ್ಲೆ." ತಾನೇ ಕೈಯಾರೆ ಕೊಡವಿದ್ದನಂತೆ. ಕಸ ಇರಲಿಲ್ಲ, ನಿಜ. ತಾವಿದ್ದಿರಿ.

ನನ್ನ ಮನೆಯವಳು ತೀರಿಕೊಂಡು ಬರುವ ಫಾಲ್ಗುಣಕ್ಕೆ ಮೂರು ವರ್ಷ. ಅವಳ ತಿಥಿಗೆ ಅಡಿಗೆ ಮಾಡಲು ಸಿದ್ದಾಪುರದಿಂದ ಬರುವವಳು ನನ್ನ ತಂಗಿ ವಿನೋದಾ. ಕಳೆದ ಸಲ ದೊಡ್ಡ ಮನಸ್ಸು ಮಾಡಿ ಅವಳಿಗೆ ಮಂಚ ಬಿಟ್ಟುಕೊಟ್ಟೆ, ತಾವು ಅದಕ್ಕಿಂತ ದೊಡ್ಡ ಮನಸ್ಸು ಮಾಡಿ ಅವಳನ್ನು ಸತ್ಕರಿಸಿದಿರಿ. ಬೆಳಿಗ್ಗೆ ಅವಳು ಕುತ್ತಿಗೆ ತೋರಿಸಿ, "ಅಣ್ಣಾ, ಈ ಮಂಚ ಸುಡು. ಇಲ್ದಿದ್ರೆ ಮುಂದಿನ ತಿಥಿಗೆ ನೀನೇ ವಡೆ ಕರ್ಕ, ಆನು ಬತ್ನಿಲ್ಲೆ" ಎಂದು ಮೊದಲನೇ ಬಸ್ಸಿಗೇ ಹೋದಳು.

ಮಂಚ ಸುಡುವುದು ನನ್ನಿಂದಾಗದು. ಮನೆಯವಳ ಅಪ್ಪ ತಮ್ಮ ಹಿತ್ತಿಲ ಹಲಸು ಕಡಿಸಿ ಮಾಡಿಸಿಕೊಟ್ಟದ್ದು ಅದು. ಇಪ್ಪತ್ತೊಂಬತ್ತು ವರ್ಷ ಗೋಡೆಯ ಬದಿ ಅವಳದಾಗಿತ್ತು. ನಾನು ಈಗಲೂ ಆ ಕಡೆ ಉರುಳುವುದಿಲ್ಲ. ತಾವು ಮಾತ್ರ ಹೇಳದೆ ಕೇಳದೆ ಅಲ್ಲಿಯೇ ಸಂಸಾರ ಹೂಡಿದ್ದೀರಿ.

ಹಾಗೆಂದು ನಾನು ಸುಮ್ಮನೆ ಕುಳಿತವನಲ್ಲ. ಹಾಸಿಗೆಯಡಿ ಬೇವಿನ ಸೊಪ್ಪು ಹರಡಿದೆ. ತಾವು ಯುಗಾದಿ ಎಂದು ತಿಳಿದಿರಿ. ಬಜೆ ತೇಯ್ದು ನೆಕ್ಕಿಸಿದರೆ ಕೂಸಿನ ನಾಲಿಗೆ ಚುರುಕಾಗುತ್ತದಂತೆ, ಅದನ್ನೇ ಪುಡಿ ಮಾಡಿ ಉದುರಿಸಿದೆ. ತಮ್ಮ ಹಲ್ಲು ಚುರುಕಾಯಿತು. ಲಕ್ಕಿ ಸೊಪ್ಪಿನ ಹೊಗೆ ಹಾಕಿದಾಗ ಮನೆ ಬಿಟ್ಟು ಓಡಿದವನು ನಾನೊಬ್ಬನೇ. ಆಮೇಲೆ ಯಾರದೋ ಮಾತು ಕೇಳಿ ಗೇರು ಸಿಪ್ಪೆಯ ಎಣ್ಣೆ ಬಳಿದು, ಒಣಗಿತೋ ಎಂದು ನೋಡಲು ತೆಳ್ಳನೆಯ ಪಂಚೆಯಲ್ಲಿ ಅದರ ಮೇಲೆಯೇ ಕುಳಿತೆ. ಎಲ್ಲೆಲ್ಲಿ ಬೊಬ್ಬೆ ಎದ್ದವೆಂದು ಮಾನ್ಯರಿಗೆ ವಿವರಿಸಲಾರೆ. ಆ ವಾರ ಸ್ವರ್ಣವಲ್ಲಿ ಮಠದಲ್ಲಿ ಊಟದ ಪಂಕ್ತಿಗೆ ಕೂರಲಾರದೆ ನಿಂತೇ ಇದ್ದುದನ್ನು ಕಂಡು ಇಬ್ಬರು ಇದು ಯಾವ ವ್ರತವೆಂದು ಭಕ್ತಿಯಿಂದ ವಿಚಾರಿಸಿದರು.

ಕೊನೆಗೆ ನೆನಪಾದದ್ದು ಚೊಗರು. ಅಡಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕೆಂಪು ನೀರನ್ನು ಮನೆಯವಳು ವರ್ಷಕ್ಕೊಮ್ಮೆ ಮಂಚದ ಸಂದಿಗಳಿಗೆ ಹೊಯ್ಯುತ್ತಿದ್ದಳು. ಹೇಗೆ ಹೊಯ್ಯಬೇಕೆಂದು ನನಗೆ ಹೇಳಿಯೂ ಇದ್ದಳು. ನಾನು ಪೇಪರಿನಿಂದ ತಲೆ ಎತ್ತದೆ ಹೂಂ ಎಂದಿದ್ದೆ. ಆ ಹೂಂ ಪ್ರಕಾರ ಮೊನ್ನೆ, ಹಿಂದಿನ ದಿನದ ಚೊಗರನ್ನು ಎರಡು ಕೊಡ ತಂದು ಸುರಿದೆ. ಹಾಸಿಗೆಗಳನ್ನೇನೋ ಮೊದಲೇ ಆಚೆ ತೆಗೆದಿಟ್ಟಿದ್ದೆ. ಗೋಡೆ, ನೆಲ, ಪಂಚೆ ಮತ್ತು ನಾನು ಒಂದೇ ಬಣ್ಣವಾದೆವು. ತಾವು ಮಿಂದು ಮಡಿಯಾಗಿ ಮತ್ತೆ ಊಟಕ್ಕೆ ಬಂದಿರಿ. ಹಂಡೆಯ ಕೆಲಸಕ್ಕೆ ಬರುವ ಮಂಜಿ ನನ್ನ ಅವತಾರವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಮ್ಮ ಕುದಿ ಕುದೀತಿದ್ದಂಗೇ ಹೊಯ್ತಿದ್ರು ಹೆಗಡೇರೆ. ತಣ್ಣಗಿದ್ದಿದ್ದು ಹೊಯ್ದ್ರೆ ಅವು ಕುಡ್ಕಂಡು ಮಲಗ್ತವೆ" ಎಂದಳು.

ಆದಕಾರಣ ತಮಗೆ ಈ ನೋಟಿಸು. ಬರುವ ಬುಧವಾರ ಈ ವರ್ಷದ ಕೊನೆಯ ಹಂಡೆ. ಮಂಚ ಬಿಚ್ಚಿ ಅಂಗಳಕ್ಕೆ ತರುವವನು ನಾನು, ಹೊಯ್ಯುವವಳು ಮಂಜಿ. ಆ ದಿನ ಪೇಪರು ಓದುವುದಿಲ್ಲ. ಅಷ್ಟರೊಳಗೆ ತಾವು ಸಸ್ಯಾಹಾರಕ್ಕೆ ತಿರುಗುವುದಾದರೆ, ಅಥವಾ ಏಕಾದಶಿಯ ಉಪವಾಸವನ್ನು ಹದಿನೈದು ದಿನಕ್ಕೂ ವಿಸ್ತರಿಸುವುದಾದರೆ, ಲಿಖಿತವಾಗಿ ತಿಳಿಸಬೇಕಾಗಿ ಪ್ರಾರ್ಥನೆ. ವಿನೋದಾಳಿಗೂ ಕಾಗದ ಹಾಕಿದ್ದೇನೆ: ಮಂಚ ಇರುತ್ತದೆ, ನೀನು ಬಾ.

ಎರಡು ವರ್ಷಗಳಿಂದ ತಮ್ಮ ವಿಶ್ವಾಸಿಯೂ ತಮ್ಮ ನಿತ್ಯದ ಊಟವೂ ಆಗಿರುವ,
ಮಧುಕೇಶ್ವರ ಹೆಗಡೆ

ತಾ.ಕ.: ಅನಂತಮೂರ್ತಿ ಮಗಳ ಮದುವೆಗೆ ಹಾಸಿಗೆ ಬೇಕೆಂದು ಹೇಳಿಕಳಿಸಿದ್ದಾನೆ, ಮಂಗಳವಾರ ಜೀಪು ಬರುತ್ತದೆ. ಬುಧವಾರದ ಅಭ್ಯಂಜನ ಒಲ್ಲದವರು ಸೋಮವಾರದೊಳಗೆ ಮಂಚ ಇಳಿದು ಹಾಸಿಗೆಯ ಹೊಲಿಗೆಗಳಲ್ಲಿ ಜಾಗ ಹಿಡಿಯತಕ್ಕದ್ದು. ತವರಿಗೆ ಹೋಗುವವರನ್ನು ತಡೆಯುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹಾಸಿಗೆ ಹೇರುವಾಗ ಅವನಿಗೆ ಹೇಳಬೇಕಾದ ಮಾತನ್ನು ಈಗಿನಿಂದಲೇ ಬಾಯಿಪಾಠ ಮಾಡುತ್ತಿದ್ದೇನೆ: ಆನೇ ಕೈಯಾರೆ ಚೊಲೋ ಕೊಡವಿದ್ದಿ ಮಾರಾಯಾ, ಒಂದು ಕಸನೂ ಇಲ್ಲೆ.