ಗೋಲಿನ ಪಕ್ಕದಲ್ಲಿ ನಾನು

ನಾನು ಜೀವಮಾನದಲ್ಲಿ ಹಾಕಿ ಕೋಲು ಹಿಡಿದದ್ದು ಒಂದೇ ಸಲ, ಅದೂ ಹಿತ್ತಲಿಗೆ ನುಗ್ಗಿದ ಎಮ್ಮೆಯನ್ನು ಅಟ್ಟುವುದಕ್ಕೆ. ಆದರೆ ಕೊಡಗಿನಲ್ಲಿ ಹುಟ್ಟಿದ ಮೇಲೆ ಹಾಕಿಯ ಬಗ್ಗೆ ಅಭಿಪ್ರಾಯವಿಲ್ಲದೆ ಬದುಕುವುದಾದರೂ ಹೇಗೆ? ಮೈದಾನದಲ್ಲಿ ಇಪ್ಪತ್ತೆರಡು ಮಂದಿ ಆಡಬಹುದು, ಹೇಗೆ ಆಡಬೇಕೆಂದು ಗೊತ್ತಿರುವುದು ಮಾತ್ರ ಗೆರೆಯಾಚೆ ನಿಂತ ನನಗೆ ಎಂದು ನಂಬಿದ್ದೆ. ಸೋಮವಾರಪೇಟೆಯ ಶಾಲೆಯಲ್ಲಿ ವಾರವಿಡೀ ಮಕ್ಕಳನ್ನು ತಿದ್ದುತ್ತಿದ್ದವನು ಶನಿವಾರ ಮಧ್ಯಾಹ್ನದ ಮೇಲೆ ಆಟಗಾರರನ್ನು ತಿದ್ದಲು ಹೋಗುತ್ತಿದ್ದೆ. ಮಕ್ಕಳು ಬೆತ್ತಕ್ಕೆ ಹೆದರಿಯಾದರೂ ಕೇಳುತ್ತಿದ್ದರು. ಆಟಗಾರರು ಕೇಳುತ್ತಿರಲಿಲ್ಲ. ಅದಕ್ಕೇ ಸೋಲುತ್ತಾರೆ ಎಂದು ಮನೆಗೆ ಬಂದು ಹೆಂಡತಿಗೆ ವಿವರಿಸುತ್ತಿದ್ದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಆ ಬೇಸಿಗೆ ನಮ್ಮೂರಿನ ಪಂದ್ಯಾವಳಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಬರುತ್ತದೆಂದು ಗೊತ್ತಾಯಿತು. ಅವರಿಗೆ ಆಡುವುದಕ್ಕೇ ಸಂಬಳವಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಸ್ಸಿಳಿದಿತ್ತು. ನನ್ನ ಹೆಂಡತಿ ಗೌರಮ್ಮನಿಗೆ ಇದನ್ನು ನಂಬಲಿಕ್ಕೇ ಆಗಲಿಲ್ಲ. "ಆಡಕ್ಕೂ ಸಂಬಳ ಕೊಡ್ತಾರಾ? ಹಂಗಾದ್ರೆ ನಿಂತು ಕೂಗೋರಿಗೂ ಏನಾದ್ರೂ ಕೊಡ್ತಾರೇನೋ, ಕೇಳ್ಕೊಂಡು ಬನ್ನಿ" ಎಂದಳು.

ಶನಿವಾರ ಅವರು ಪಾಲಿಬೆಟ್ಟದ ತಂಡದ ಮೇಲೆ ಆಡಿದರು. ಸಂಬಳದ ಆಟ ಎಂದರೆ ಏನೆಂದು ಆವತ್ತು ನೋಡಿದೆ. ಒಬ್ಬ ಚೆಂಡು ತಳ್ಳಿದರೆ, ಕಾಗದ ಬರೆದು ಕರೆಸಿಕೊಂಡ ಹಾಗೆ ಇನ್ನೊಬ್ಬ ಆಗಲೇ ಅಲ್ಲಿ ಬಂದು ನಿಂತಿರುತ್ತಿದ್ದ. ಕೂಗಾಟವಿಲ್ಲ, ಗಡಿಬಿಡಿಯಿಲ್ಲ. ಮೆಚ್ಚಿ ಮೆಚ್ಚಿ ನನಗೇ ಬೇಸರ ಬಂತು. ತಪ್ಪು ಹುಡುಕಲು ಸಿಕ್ಕವನು ಅವರ ಗೋಲ್‌ಕೀಪರ್ ಒಬ್ಬನೇ. ಗಿಡ್ಡ ಆಸಾಮಿ. ದಿಂಬಿನಂಥ ಪ್ಯಾಡುಗಳನ್ನು ಕಾಲಿಗೆ ಕಟ್ಟಿಕೊಂಡು ಎರಡು ಕಂಬಗಳ ನಡುವೆ ಸುಮ್ಮನೆ ನಿಂತಿದ್ದ. "ಮುಂದೆ ಬಾರಯ್ಯಾ! ಅಲ್ಲೇನು ಬೇರು ಬಿಟ್ಟಿದ್ದೀಯಾ?" ಎಂದು ಆಟ ಮುಗಿಯುವವರೆಗೂ ಕೂಗಿ ನನ್ನ ಗಂಟಲು ಕಟ್ಟಿತು. ಅವರು ಒಂದೂ ಗೋಲು ಬಿಡದೆ ಗೆದ್ದರು.

ನಮ್ಮೂರಿನಲ್ಲಿ ಅಷ್ಟು ಮಂದಿ ಉಳಿದುಕೊಳ್ಳುವ ಹೋಟೆಲು ಇರಲಿಲ್ಲ. ಕಮಿಟಿಯವರು ಆಟಗಾರರನ್ನು ಮನೆಮನೆಗೆ ಹಂಚಿದರು. ನಮ್ಮ ಪಾಲಿಗೆ ಬಂದದ್ದು ಆ ಗೋಲ್‌ಕೀಪರೇ, ಹೆಸರು ಮುನಿಸ್ವಾಮಿ. ಬೆಂಗಳೂರಿನ ದಂಡು ಪ್ರದೇಶದವನು, ಮನೆಮಾತು ತಮಿಳು. ಗೌರಮ್ಮ ಅಕ್ಕಿ ರೊಟ್ಟಿ, ಹಲಸಿನಕಾಯಿ ಪಲ್ಯ ಬಡಿಸಿದಳು. ಅವನ ಮೊಣಕಾಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಊತ ಕಂಡು, ಉಪ್ಪು ಬಿಸಿ ಮಾಡಿ ಗಂಟು ಕಟ್ಟಿ ಶಾಖಕ್ಕೆ ಕೊಟ್ಟಳು.

"ನೋಯಲ್ವಾ ಅಣ್ಣ?"

"ಇದು ದಿನಾ ಇರೋದೇ ಸಿಸ್ಟರ್. ಇವತ್ತು ಜಾಸ್ತಿ ನೋವಾಗಿದ್ದು ಕಿವಿಗೆ. ಯಾರೋ ಒಬ್ರು ಲೈನ್ ಹತ್ರ ನಿಂತ್ಕೊಂಡು ಮುಂದೆ ಬಾ, ಮುಂದೆ ಬಾ ಅಂತ ಒಂದೇ ಸಮ ಕೂಗ್ತಾ ಇದ್ರು. ಅವರ ಮಾತು ಕೇಳಿದ್ರೆ ಮೂರು ಗೋಲು ಹೋಗ್ತಿತ್ತು."

ಗೌರಮ್ಮ ನನ್ನನ್ನು ನೋಡಿದಳು. ನಾನು ರೊಟ್ಟಿಯನ್ನು ನೋಡಿದೆ. ಕಟ್ಟಿದ ಗಂಟಲಿನಲ್ಲಿ ಮಾತಾಡಿದರೆ ಸಿಕ್ಕಿಬೀಳುತ್ತೇನೆಂದು ತಲೆಯಾಡಿಸುತ್ತಲೇ ಊಟ ಮುಗಿಸಿದೆ.

"ಸುಮ್ನೆ ನಿಂತ್ಕೊಳ್ಳೋದೇ ಕಷ್ಟ ಸಾರ್" ಎಂದ ಮುನಿಸ್ವಾಮಿ. "ಕಾಲು ಓಡು ಅನ್ನುತ್ತೆ. ಆದ್ರೆ ಎದುರಿನವನು ಹೊಡೆಯೋವರೆಗೂ ಕಾಯ್ಬೇಕು. ಬೇರೆಯವರು ತಪ್ಪು ಮಾಡಿದ್ರೆ ಯಾರಿಗೂ ನೆನಪಿರಲ್ಲ, ನನ್ನ ತಪ್ಪು ಬೋರ್ಡ್ ಮೇಲೆ ಬರೀತಾರೆ." ಅವನಿನ್ನೂ ಕಾರ್ಖಾನೆಯಲ್ಲಿ ಟೆಂಪರವರಿಯಂತೆ. ಈ ಕಪ್ ತಂದರೆ ಪರ್ಮನೆಂಟ್ ಮಾಡುತ್ತೇವೆ ಎಂದು ಮೇಲಿನವರು ಹೇಳಿದ್ದರಂತೆ. ಗೌರಮ್ಮ ಕೂಡಲೇ, "ನಾಳೆ ನೀವೇ ಗೆಲ್ಲಿ ಅಣ್ಣ" ಎಂದುಬಿಟ್ಟಳು. ನಾಳೆಯ ಫೈನಲ್ ನಮ್ಮೂರಿನ ತಂಡದ ಮೇಲೆಯೇ ಎಂಬುದು ಅವಳಿಗೆ ಗೊತ್ತಿಲ್ಲದೇ ಇರಲಿಲ್ಲ.

ಭಾನುವಾರ ನಾನು ಮುನಿಸ್ವಾಮಿಯ ಗೋಲಿನ ಪಕ್ಕದಲ್ಲೇ, ಕಂಬದ ಹಿಂದೆ ಹೋಗಿ ನಿಂತೆ. ಕೂಗಲಿಲ್ಲ. ಹತ್ತಿರದಿಂದ ನೋಡಿದಾಗ ಅವನು ಸುಮ್ಮನೆ ನಿಂತಿರಲಿಲ್ಲ. ಚೆಂಡು ಎಲ್ಲೇ ಇರಲಿ, ಅವನ ಪಾದದ ತುದಿ ಅತ್ತ ತಿರುಗುತ್ತಿತ್ತು. ನಮ್ಮವರ ಹೊಡೆತಗಳನ್ನು ಎದೆಯಲ್ಲಿ, ತೊಡೆಯಲ್ಲಿ, ಆ ಊದಿದ ಕಾಲಿನಲ್ಲಿ ತಡೆದ. ನಮ್ಮವರ ಹೊಡೆತ ತಪ್ಪಿದಾಗಲೆಲ್ಲ ನನಗೆ ನಿರಾಳವಾಗುತ್ತಿತ್ತು. ಊರಿನವರು ಯಾರಾದರೂ ನನ್ನ ಮುಖ ನೋಡಿದರೋ ಎಂದು ಹೆದರುತ್ತಿದ್ದೆ.

ಎರಡೂ ಕಡೆ ಒಂದೊಂದು ಗೋಲಾಗಿ ಆಟ ಸಮವಾಗಿತ್ತು. ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ನಮ್ಮ ಫಾರ್ವರ್ಡ್ ನುಗ್ಗಿ ಬಂದು ಬಲವಾಗಿ ಹೊಡೆದ. ಮುನಿಸ್ವಾಮಿ ಅಡ್ಡಬಿದ್ದ. ಧೂಳು ಎದ್ದಿತು. ಧೂಳು ಇಳಿದಾಗ ಚೆಂಡು ಬಲೆಯ ಹೊರಗೆ, ನನ್ನ ಕಾಲ ಬಳಿ ಬಿದ್ದಿತ್ತು. ಬಲೆಯ ಪಕ್ಕದಲ್ಲೊಂದು ಹರಕು ತೂತು. ಒಳಗೆ ಹೋಗಿ ತೂತಿನಿಂದ ಹೊರಬಂತೋ, ಕಂಬದ ಹೊರಗಿನಿಂದಲೇ ಬಂತೋ? ಅಂಪೈರ್ ಆಗಿದ್ದ ನಿವೃತ್ತ ಸುಬೇದಾರರು ದೂರದಿಂದ ಓಡಿಬಂದರು. "ಮೇಷ್ಟ್ರೇ, ನೀವು ಪಕ್ಕದಲ್ಲೇ ಇದ್ದಿರಿ. ಗೋಲೋ ಅಲ್ಲವೋ, ಹೇಳಿ!"

ಮೈದಾನಕ್ಕೆ ಮೈದಾನವೇ ನನ್ನ ಕಡೆ ತಿರುಗಿತು. ಇಷ್ಟು ವರ್ಷ ಕೇಳದಿದ್ದರೂ ಅಭಿಪ್ರಾಯ ಕೊಟ್ಟವನನ್ನು ಮೊದಲ ಸಲ ಅಂಪೈರೇ ಕೇಳುತ್ತಿದ್ದರು. ಗೋಲು ಎಂದರೆ ಮನೆಯಲ್ಲಿ ಉಂಡವನ ಅನ್ನಕ್ಕೆ ಕಲ್ಲು. ಅಲ್ಲ ಎಂದರೆ ಸೋಮವಾರಪೇಟೆಯಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಇದೆರಡಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು: ಚೆಂಡು ನನ್ನ ಕಡೆ ಬರುವುದನ್ನು ಕಂಡ ಕೂಡಲೇ ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುನಿಸ್ವಾಮಿ ಮಣ್ಣು ಕೊಡವಿಕೊಂಡು ಎದ್ದ.

"ಗೋಲು ಸಾರ್. ನನ್ನ ಪ್ಯಾಡಿಗೆ ತಾಗಿ ಒಳಗೆ ಹೋಯ್ತು. ಆಮೇಲೆ ತೂತಿನಿಂದ ಈಚೆ ಬಂತು."

ಅವನ ಕ್ಯಾಪ್ಟನ್ ತಲೆಯ ಮೇಲೆ ಕೈ ಹೊತ್ತುಕೊಂಡ. ಸುಬೇದಾರರು ಸೀಟಿ ಊದಿದರು. ಊರೆಲ್ಲ ಕುಣಿಯಿತು. ನಾನೂ ಕುಣಿಯಬೇಕಿತ್ತು, ಕಾಲು ಏಳಲಿಲ್ಲ. ಸಂಜೆ ಮುನಿಸ್ವಾಮಿ ಬಸ್ಸು ಹತ್ತುವಾಗ ಗೌರಮ್ಮ ಅವನ ಕೈಗೆ ರೊಟ್ಟಿಯ ಬುತ್ತಿ ಕೊಟ್ಟು, "ಸುಮ್ನಿದ್ದಿದ್ರೆ ಆಗ್ತಿತ್ತಲ್ಲ ಅಣ್ಣ" ಎಂದಳು. "ಚೆಂಡು ತಾಗಿದ ಕಾಲು ನಂದಲ್ವಾ ಸಿಸ್ಟರ್" ಎಂದು ನಕ್ಕ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಹೆಸರಿಗೆ ಕಾರ್ಡು ಬಂತು: ಕಪ್ ತರದಿದ್ದರೂ ಪರ್ಮನೆಂಟ್ ಆಯಿತಂತೆ. ಅಂಥವನನ್ನು ಬಿಟ್ಟರೆ ಕಾರ್ಖಾನೆಯವರಿಗೇ ನಷ್ಟ ಎಂದು ನಾನು ಅಭಿಪ್ರಾಯಪಟ್ಟೆ.

ಇಷ್ಟು ನೋಡಿದ ಮೇಲಾದರೂ ನಾನು ತಿದ್ದಿಕೊಂಡಿರಬೇಕೆಂದು ನೀವು ಭಾವಿಸಬಹುದು. ಫೈನಲ್ಲಿನ ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಹೆಡ್‌ಮಾಸ್ಟರು, "ನೀವು ಗೋಲಿನ ಪಕ್ಕದಲ್ಲೇ ಇದ್ದಿರಂತಲ್ಲ, ಒಳಗೆ ಹೋಗಿದ್ದು ಕಾಣಿಸ್ತಾ?" ಎಂದು ಕೇಳಿದರು.

"ಕಣ್ಣಾರೆ ನೋಡಿದೆ ಸಾರ್" ಎಂದೆ. ಅಷ್ಟಕ್ಕೇ ನಿಲ್ಲಿಸದೆ ಸೀಮೆಸುಣ್ಣ ಎತ್ತಿಕೊಂಡು, ಚೆಂಡು ಪ್ಯಾಡಿನ ಯಾವ ಮೂಲೆಗೆ ತಾಗಿ ಹೇಗೆ ತಿರುಗಿತೆಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದೆ.