ಚಿಪ್‌ನ ನಾಡಿ ತಪ್ಪಿದಾಗ

ಸಮಯ ತೋರಿಸುವ ಯಂತ್ರ ಮಾಡುವವರಿಗೆ ಫಜೀತಿಗಳು ಸಮಯ ನೋಡಿ ಬರುವುದಿಲ್ಲ. ನಾನು ಮಹಾಪೆಯ ಸಣ್ಣ ಕಂಪನಿಯೊಂದರಲ್ಲಿ ಟೈಮರ್, ಡಿಜಿಟಲ್ ಗಡಿಯಾರಗಳನ್ನು ರೂಪಿಸುತ್ತೇನೆ. ಅವುಗಳೊಳಗಿನ ಚಿಪ್‌ಗೆ ಒಂದು ನಾಡಿ ಬೇಕು. ಕ್ರಿಸ್ಟಲ್ ಎಂಬ ಪುಟ್ಟ ಹರಳೊಂದು ಮಿಡಿದು ಅದನ್ನು ಕೊಡುತ್ತದೆ. ಆ ಮಿಡಿತ ಪರೀಕ್ಷೆಯ ಯಂತ್ರದ ಪರದೆಯ ಮೇಲೆ ಹಸಿರು ಅಲೆಯಾಗಿ ಹರಿಯುವಾಗ, ರೈಲಿನ ಕಿಟಕಿಯಿಂದ ಖಾಡಿಯ ನೀರು ನೋಡುವವನ ಹಾಗೆ ಮೈಮರೆತು ಕೂರುತ್ತೇನೆ.

ಬೆರಳಿಟ್ಟರೆ ಜೀವ

ದೊಡ್ಡ ಗಿರಾಕಿ ಬರುವ ದಿನವೇ ಹೊಸ ಟೈಮರ್ ಸತ್ತಂತೆ ಕೂತಿತ್ತು. ಕಂಪನಿ ನಡೆಸುವ, ಮೈಸೂರಿನವರಾದ ನಮ್ಮ ಮೇಡಂ ಕ್ರಿಸ್ಟಲ್ ಬಿಗಿಯಾಗಿದೆಯೇ ಎಂದು ಮುಟ್ಟಿದರು. ತಕ್ಷಣ ಅಂಕಿಗಳು ಓಡತೊಡಗಿದವು. ಬೆರಳು ತೆಗೆದರೆ ನಿಂತವು. ಕ್ರಿಸ್ಟಲ್ ಮಿಡಿಯಲು ಪಕ್ಕದಲ್ಲಿರಬೇಕಾದ ಕೆಪಾಸಿಟರ್‌ನ ಅಳತೆ ಕಡಿಮೆಯಾಗಿತ್ತು, ಆ ಕೊರತೆಯನ್ನು ಬೆರಳು ತುಂಬುತ್ತಿತ್ತು.

"ತೆಗೀಬೇಡಿ ಮೇಡಂ, ಗಿರಾಕಿ ಲಿಫ್ಟ್‌ನಲ್ಲಿದ್ದಾರೆ!" ಎಂದೆ.

ಗಿರಾಕಿ ಹೋಗುವವರೆಗೂ ಮೇಡಂ ಬೆರಳಿಟ್ಟೇ ನಿಂತರು. ಚಹಾ ಕೂಡ ಎಡಗೈಯಲ್ಲೇ ಕುಡಿದರು. ಗಿರಾಕಿಗೆ ಯಂತ್ರ ತುಂಬ ಹಿಡಿಸಿತು. ಹೊರಡುವಾಗ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: "ಪ್ರತಿ ಪೀಸ್ ಜೊತೆಗೂ ಒಬ್ಬೊಬ್ಬರು ಮೇಡಂ ಬರ್ತಾರಾ?"

ಇಡ್ಲಿಯ ಸೀಟಿ

ವಾಶಿಯಲ್ಲಿ ಉಡುಪಿಯವರೊಬ್ಬರ ಹೋಟೆಲ್. ಇಡ್ಲಿ ಬೆಂದಾಗ ಸೀಟಿ ಹೊಡೆಯುವ ಪೆಟ್ಟಿಗೆ ಮಾಡಿಕೊಟ್ಟೆವು. ಅದರ ಚಿಪ್ ಕಾರ್ಖಾನೆಯಿಂದ ಬರುವಾಗಲೇ ಎಂಟು ಪಟ್ಟು ನಿಧಾನಕ್ಕೆ ಹೊಂದಿಸಿರುತ್ತದೆ. ಅದನ್ನು ಬದಲಿಸಬೇಕಿದ್ದ ನಮ್ಮ ಕಂಪನಿಯ ಗೆಳೆಯ ಮರೆತುಬಿಟ್ಟಿದ್ದ.

ಬೆಳಿಗ್ಗೆ ಹತ್ತು ದಾಟಿದ ಮೇಲೆ ಹೋಟೆಲ್ ಯಜಮಾನರ ಫೋನು: "ಎಂತ ಮಾರಾಯ್ರೆ, ನಿಮ್ಮ ಪೆಟ್ಟಿಗೆ ಕೂಗುದೇ ಇಲ್ಲ?"

"ಸ್ವಲ್ಪ ಕಾಯಿರಿ, ಕೂಗುತ್ತೆ."

ಪಾಪ, ಅವರು ನಂಬಿ ಕಾದರು. ಮಧ್ಯಾಹ್ನ ಮತ್ತೆ ಫೋನು. ಹಿಂದೆ ಸೀಟಿ ಮೊಳಗುತ್ತಿತ್ತು. "ಕೂಗಿತು ಮಾರಾಯ್ರೆ! ಇಡ್ಲಿಗೆ ಇಟ್ಟದ್ದು ಈಗ ಊಟಕ್ಕೆ ಕರೀತಾ ಉಂಟು!"

ಸೊಸೈಟಿಯ ಗಡಿಯಾರ

ಡೊಂಬಿವಲಿಯ ನಮ್ಮ ಕಟ್ಟಡದ ಬಾಗಿಲಿಗೆ ನಾನೇ ಒಂದು ಗಡಿಯಾರ ಮಾಡಿ ತೂಗುಹಾಕಿದ್ದೆ. ಅದಕ್ಕೆ ಕ್ರಿಸ್ಟಲ್ ಹಾಕಿರಲಿಲ್ಲ, ಚಿಪ್‌ನೊಳಗಿನ ನಾಡಿಯನ್ನೇ ನೆಚ್ಚಿದ್ದೆ. ಆ ನಾಡಿಗೆ ಸ್ವಲ್ಪ ಅವಸರ. ವಾಚ್‌ಮನ್ ಸಂಜೆ ಸರಿಮಾಡಿದರೂ ಬೆಳಿಗ್ಗೆ ಐದಾರು ನಿಮಿಷ ಮುಂದಿರುತ್ತಿತ್ತು. ನಾಚಿಕೆಯಾಗಿ, ಒಂದು ಭಾನುವಾರ ಕೂತು ಕ್ರಿಸ್ಟಲ್ ಬೆಸೆದೆ. ಗಡಿಯಾರ ಕರಾರುವಾಕ್ಕಾಯಿತು.

ಸೋಮವಾರ ಇಡೀ ಕಟ್ಟಡಕ್ಕೆ ಲೋಕಲ್ ರೈಲು ತಪ್ಪಿತು. ಸಂಜೆ ಎಲ್ಲರೂ ನನ್ನ ಬಾಗಿಲಲ್ಲಿ.

"ಏನ್ ಮಾಡಿದ್ರಿ ಗಡಿಯಾರಕ್ಕ?" ಎಂದರು ಮೇಲ್ಮನೆಯ ಧಾರವಾಡದ ಅಕ್ಕ.

"ಸರಿ ಮಾಡಿದೆ."

"ಯಾರ್ ಹೇಳಿದ್ರೀ ಸರಿ ಮಾಡ ಅಂತ? ದಿನಾ ಆರಾಮ ಹೋಗಿ ಬೆಂಚಿನ್ಯಾಗ ಕೂಡ್ತಿದ್ದೆ. ಇವತ್ತ ಓಡಿ ಓಡಿ ಸಾಕಾತು!"

ಕಟ್ಟಡದ ಸೊಸೈಟಿಯ ಸೆಕ್ರೆಟರಿ ಗಂಭೀರವಾಗಿ ಹೇಳಿದರು: "ಸರಿಯಾದ ಟೈಮ್ ಎಲ್ಲರ ಮೊಬೈಲ್‌ನಲ್ಲೂ ಇದೆ. ನಮಗೆ ಹಳೇ ಟೈಮ್ ಬೇಕು."

ಕ್ರಿಸ್ಟಲ್ ಕಿತ್ತೆ. ಮರುದಿನ ನಾನೂ ಆ ಗಡಿಯಾರ ನೋಡಿಯೇ ಹೊರಟೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಅಕ್ಕ ಸರಿದು ಜಾಗ ಕೊಟ್ಟರು. ತಗಡಿನ ಮಾಡಿನಾಚೆ ಹತ್ತಿಯಂಥ ಮೋಡವೊಂದು ಮೆಲ್ಲಗೆ ತೇಲುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಮೈಮರೆತೆವು. ಎಚ್ಚರವಾದಾಗ ನಮ್ಮ ಲೋಕಲ್‌ನ ಕೊನೆಯ ಡಬ್ಬಿ ದಾಟಿಹೋಗುತ್ತಿತ್ತು.

ಅಕ್ಕ ಗಾಬರಿಯಾಗಲಿಲ್ಲ. ನನ್ನತ್ತ ತಿರುಗಿ ಅಂದರು: "ಆ ಗಡಿಯಾರ ಇನ್ನೊಂದೀಟು ಕೆಡಸ್ರಿ!"